ಕೊನೆಯ ಸಲ ನೆನೆದ ಹೊತ್ತು

ನಮ್ಮ ಊರಿನಲ್ಲಿ ಯಾರನ್ನಾದರೂ ತಡೆದು ನಿಲ್ಲಿಸಿ ಅವರ ತಂದೆಯ ಹೆಸರು ಕೇಳಿದರೆ, ಅವರು ಹೇಳುವಷ್ಟರಲ್ಲಿ ನೀವು ಒಂದು ಟೀ ಕುಡಿದು ಲೋಟ ತೊಳೆದಿಡಬಹುದಿತ್ತು. ಮೊನ್ನೆ ಮೊನ್ನೆಯವರೆಗಿನ ಮಾತು ಇದು. ಅವರಿಗೆ ಗೊತ್ತಿಲ್ಲವೆಂದಲ್ಲ. ಊರಿನವರ ನೆನಪುಗಳೆಲ್ಲ ಕೋಟೆ ಬಾಗಿಲ ಪಕ್ಕದ ಕಚೇರಿಯಲ್ಲಿ, ಹಿಂದಿನ ಕೋಣೆಯ ಡಿಸ್ಕಿನಲ್ಲಿದ್ದವು. ನೆನೆಯಲು ಹೊರಟವನು ನಿಂತಲ್ಲೇ ನಿಂತು, ಅದು ತಿರುಗಿ, ಹುಡುಕಿ, ಓದಿ ಕಳಿಸುವ ತನಕ ಕಾಯಬೇಕಿತ್ತು.

ಹುಟ್ಟಿದಾಗಿನಿಂದ ಹೀಗೆ ಬದುಕಿದವರಿಗೆ ಇದೇನೂ ದೊಡ್ಡದಲ್ಲ. ಕ್ಷೌರಿಕ ಕತ್ತಿ ಎತ್ತಿ ಹಿಡಿದು, ಹೋದ ಸಲ ಈ ಮೀಸೆ ಹೇಗಿತ್ತು ಎಂಬುದು ಬರಲಿ ಎಂದು ಕಾಯುತ್ತಿದ್ದ. ಜಗಳಕ್ಕೆ ಹೊರಟವರು ಕಾರಣ ಬಾರದೆ ಬಾಯಿ ತೆರೆದುಕೊಂಡು ನಿಂತು, ಅದು ಬರುವಷ್ಟರಲ್ಲಿ ಸಿಟ್ಟು ಇಳಿದು, ಊಟಕ್ಕೆ ಕೂತುಬಿಡುತ್ತಿದ್ದರು. ಕಣ್ಣೆದುರು ಇದ್ದವರನ್ನು ಮಾತ್ರ ನೆನೆಯಬೇಕಾಗಿರಲಿಲ್ಲ; ಮರೆಯಾದ ಮೇಲೆ ಡಿಸ್ಕು ತಿರುಗಬೇಕು. ಆದ್ದರಿಂದ ನಮ್ಮ ಪೇಟೆಯಲ್ಲಿ ಗಂಡ ಹೆಂಡಿರು ಕೈ ಕೈ ಹಿಡಿದು ನಡೆಯುವುದನ್ನು ಕಂಡು ಪರಊರಿನವರು ಎಂಥ ಪ್ರೀತಿ ಎನ್ನುತ್ತಿದ್ದರು. ಪ್ರೀತಿಯೂ ಇತ್ತು ಅನ್ನಿ. ಆದರೆ ಮುಖ್ಯವಾಗಿ, ಕೈ ಬಿಟ್ಟು ಗುಂಪಿನಲ್ಲಿ ಮರೆಯಾದರೆ ಮತ್ತೆ ಕಾಯಬೇಕಲ್ಲ ಎಂಬ ಬೇಸರ.

ಆ ಡಿಸ್ಕನ್ನು ನೋಡಿಕೊಳ್ಳುವ ಕೆಲಸ ನನ್ನದು. ನನ್ನ ಹೆಸರು ತಿಪ್ಪೇಶ. ಮುಂದಿನ ಕಿಟಕಿಯಲ್ಲಿ ಗುಮಾಸ್ತ ರುದ್ರಮುನಿ ಕೂರುತ್ತಿದ್ದ, ಜನರ ಮಾತೆಲ್ಲ ಅವನಿಗೆ. ನನಗೆ ಹಿಂದಿನ ತಣ್ಣನೆಯ ಕೋಣೆ, ಸ್ಕ್ರೀನು, ಮತ್ತು ತಿರುಗುವ ಸದ್ದು. ಮೊದಲ ದಿನ ಆ ಸದ್ದು ಕೇಳಿ ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದೆ. ಇಷ್ಟು ಜನರ ಅಪ್ಪ ಅಮ್ಮಂದಿರು, ಸತ್ತವರು, ಬಿಟ್ಟುಹೋದವರು, ಎಲ್ಲರೂ ಒಂದು ಊಟದ ತಟ್ಟೆಯಷ್ಟು ಅಗಲದಲ್ಲಿ ತಿರುಗುತ್ತಿದ್ದಾರೆ ಎಂದರೆ ಮೈ ಜುಮ್ಮೆನ್ನದೆ ಇರುತ್ತದೆಯೆ? ಇಪ್ಪತ್ತು ವರ್ಷವಾದರೂ ಚಪ್ಪಲಿ ಹೊರಗೇ ಬಿಡುತ್ತೇನೆ.

ತಡವಾಗುವುದು ನಮ್ಮವರಿಗೆ ದೊಡ್ಡ ಕಷ್ಟವಾಗಿರಲಿಲ್ಲ. ಎಷ್ಟು ತಡವಾಗುತ್ತದೆಂದು ಗೊತ್ತಾಗದಿರುವುದೇ ಕಷ್ಟ. ಒಮ್ಮೆ ಎರಡು ಉಸಿರಿನಲ್ಲಿ ಬರುವ ನೆನಪು ಇನ್ನೊಮ್ಮೆ ಅರ್ಧ ಗಂಟೆ ಬಾರದು. ಒಂದು ದಿನ ಡಾಕ್ಟರ್ ಇಂದುಧರ ಕೈಯಲ್ಲಿ ಸೂಜಿ ಹಿಡಿದು, ಈ ಮಗುವಿಗೆ ಯಾವ ಔಷಧಿ ಒಗ್ಗುವುದಿಲ್ಲ ಎಂಬುದು ನೆನಪಾಗಲೆಂದು ಕಾದರು, ಕಾದರು. ಮಗುವಿನ ತುಟಿ ನೀಲಿಯಾಗುವ ಹೊತ್ತಿಗೆ ಬಂತು. ಮಗು ಉಳಿಯಿತು. ಆದರೆ ಡಾಕ್ಟರು ಮರುದಿನ ನನ್ನ ಕೋಣೆಗೆ ಬಂದು, "ಬೇಗ ಬೇಕು ಅಂತ ಕೇಳಲ್ಲ ತಿಪ್ಪೇಶಿ. ಇಷ್ಟೊತ್ತಿಗೆ ಬರ್ತೈತೆ ಅಂತ ಗೊತ್ತಿದ್ರೆ ಸಾಕು," ಎಂದು ಹೇಳಿ ಹೋದರು. ಆ ಮಾತು ನನ್ನ ನಿದ್ದೆ ಕೆಡಿಸಿತು.

ನಾನು ಆಪರೇಟಿಂಗ್ ಸಿಸ್ಟಮ್ಮಿನ ಸೆಟ್ಟಿಂಗುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ಡಿಸ್ಕಿನ ಮೇಲೆ ಓದುವ ಒಂದು ತೋಳಿದೆ. ಯಾರು ಮೊದಲು ನೆನೆದರೋ ಅವರದು ಮೊದಲು ಎಂದು ಅದು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಓಡಾಡುತ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವಂತೆ, ದಿನದ ಅರ್ಧ ಆ ಓಡಾಟಕ್ಕೇ ಹೋಗುತ್ತಿತ್ತು. ದಾರಿಯಲ್ಲಿ ಸಿಕ್ಕವರದನ್ನೆಲ್ಲ ಓದಿಕೊಂಡು ಹೋಗು ಎಂದೆ. ವೇಗ ಬಂತು, ಆದರೆ ಅಂಚಿನಲ್ಲಿ ನೆನಪಿದ್ದವರು ಮೂಲೆಗೆ ಬಿದ್ದರು. ಅವರ ಸರದಿ ಬರುವಷ್ಟರಲ್ಲಿ ನಡುವಿನವರು ಮತ್ತೆ ಮತ್ತೆ ನೆನೆಯುತ್ತಿದ್ದರು. ಆಗ ಎಲ್ಲರಿಗೂ ಒಂದು ಗಡುವು ಹಾಕಿದೆ: ಗಡುವು ಮುಟ್ಟಿದವರದನ್ನು, ದಾರಿ ಎಷ್ಟೇ ದೂರವಿರಲಿ, ಮೊದಲು ಓದಬೇಕು. ಅಕ್ಕಪಕ್ಕ ಇರುವುದನ್ನು ಕೇಳುವ ಮೊದಲೇ ಓದಿಡು ಎಂದೆ. ಅಂದಿನಿಂದ ಅಪ್ಪನ ಮುಖ ನೆನೆದವರಿಗೆ ಅಪ್ಪನ ಕೆಮ್ಮೂ, ಅವನ ಹೆಗಲ ಟವೆಲಿನ ವಾಸನೆಯೂ ಜೊತೆಗೇ ಬರತೊಡಗಿದವು. ಬೀದಿಯಲ್ಲಿ ದೊಡ್ಡ ದೊಡ್ಡ ಗಂಡಸರು ಕಂಬ ಹಿಡಿದು ನಿಂತು ಅಳುವುದನ್ನು ಆ ವಾರ ಕಂಡೆ.

ಆದರೂ ನಡುನಡುವೆ ಒಂದು ತೊಡರು ಉಳಿದಿತ್ತು. ಹುಡುಕಿದಾಗ ಸಿಕ್ಕಿತು. ಪ್ರತಿ ನೆನಪನ್ನು ಓದಿದಾಗಲೂ ಡಿಸ್ಕು, 'ಇದನ್ನು ಇಂಥ ಹೊತ್ತಿಗೆ ಓದಲಾಯಿತು' ಎಂದು ಬರೆದಿಡುತ್ತಿತ್ತು. ಓದುವುದು ಒಂದು ಕೆಲಸ, ಬರೆಯುವುದು ಇನ್ನೊಂದು. ಊರು ಒಂದು ಸಲ ನೆನೆದರೆ ತೋಳು ಎರಡು ಸಲ ದುಡಿಯುತ್ತಿತ್ತು.

ರುದ್ರಮುನಿಯನ್ನು ಕೇಳಿದೆ. "ಈ ಹೊತ್ತು ಯಾರಿಗಾದ್ರೂ ಬೇಕಾ?"

"ನನ್ನ ಯಾರು ಯಾವಾಗ ನೆನೆಸಿದ್ರು ಅಂತ ಒಬ್ರು ಇಬ್ರು ವಯಸ್ಸಾದವರು ಬಂದು ಕೇಳ್ತಾರೆ," ಎಂದ ಅವನು. "ಸ್ಕ್ರೀನಲ್ಲಿ ಬಂದಿದ್ದು ಹೇಳ್ತೀನಿ. ಹೊತ್ತು ಹೋಗಬೇಕಲ್ಲ ಅವರಿಗೆ."

ಹಳೆಯ ಹೊತ್ತು ಹೇಗೂ ಅಲ್ಲೇ ಇರುತ್ತದೆ, ಕೇಳಿದವರಿಗೆ ಅದನ್ನೇ ಹೇಳಿದರಾಯಿತು ಎಂದುಕೊಂಡೆ. ಹದಿನೇಳನೇ ತಾರೀಕು ಮಧ್ಯಾಹ್ನ ಆ ಬರೆಯುವ ಕೆಲಸವನ್ನು ನಿಲ್ಲಿಸಿದೆ. ಒಂದೇ ಒಂದು ಸಾಲಿನ ಬದಲಾವಣೆ.

ಅಂದು ಸಂಜೆಯಿಂದ ಊರಿನಲ್ಲಿ ನೆನಪು ಎರಡು ಉಸಿರಿಗೆ ಬಂತು. ಎಲ್ಲರಿಗೂ ಎರಡೇ ಉಸಿರು, ಯಾವಾಗಲೂ ಎರಡೇ ಉಸಿರು. ಜನ ಅದಕ್ಕೆ ಎಷ್ಟು ಚಂದ ಒಗ್ಗಿಕೊಂಡರೆಂದರೆ, ಮೇಷ್ಟ್ರು ಪ್ರಶ್ನೆ ಕೇಳಿದ ಮೇಲೆ ಇಡೀ ತರಗತಿ ಒಟ್ಟಿಗೆ ಎರಡು ಉಸಿರು ಬಿಟ್ಟು ಒಟ್ಟಿಗೆ ಉತ್ತರ ಹೇಳುತ್ತಿತ್ತು. ಡಾಕ್ಟರ್ ಇಂದುಧರ ನನಗೆ ಒಂದು ಬುಟ್ಟಿ ಸೀತಾಫಲ ಕಳಿಸಿದರು. ನಾನೂ ಬೀಗಿದೆ, ಸುಳ್ಳೇಕೆ ಹೇಳಲಿ. ಪೇಟೆಯಲ್ಲಿ ನಡೆಯುವಾಗ ಎದೆ ಒಂದು ಗೇಣು ಮುಂದೆ ಹೋಗುತ್ತಿತ್ತು.

ಕಚೇರಿಯ ಇನ್ನೊಂದು ಪದ್ಧತಿಯನ್ನು ಹೇಳಬೇಕು. ಬೇಡವಾದ ನೆನಪನ್ನು ಅಳಿಸಿ ಎಂದು ಯಾರು ಬೇಕಾದರೂ ಚೀಟಿ ಬರೆದುಕೊಡಬಹುದು. ಅಮಾವಾಸ್ಯೆಯ ದಿನ ಕಚೇರಿ ಮುಚ್ಚುವ ಮೊದಲು ನಾನು ಅಳಿಸುತ್ತೇನೆ. ಅಳಿಸಿದ್ದು ಮತ್ತೆ ಬರುವುದಿಲ್ಲ. ಅಷ್ಟರೊಳಗೆ ಮನಸ್ಸು ಬದಲಾದರೆ ಬರೆದವರೇ ಬಂದು ಚೀಟಿ ಹರಿಯಬೇಕು, ಕಚೇರಿಯವರು ತಡೆಯುವಂತಿಲ್ಲ.

ಮುಂದಿನ ಅಮಾವಾಸ್ಯೆಗೆ ಎರಡು ದಿನ ಇರುವಾಗ ಚೀಟಿಗಳನ್ನು ಜೋಡಿಸುತ್ತಿದ್ದೆ. ಒಂದು ಚೀಟಿಗೆ ಹಿಟ್ಟು ಮೆತ್ತಿತ್ತು. 'ತಂಗಿ ಹಾಲಮ್ಮನ ನೆನಪು ಪೂರ್ತಿ ಅಳಿಸಬೇಕು. ಇಂತಿ ಗಿರಣಿ ಕೊಟ್ರಮ್ಮ.' ಅದರ ಕೆಳಗೇ ಇನ್ನೊಂದು: 'ಅಕ್ಕ ಕೊಟ್ರಮ್ಮನ ನೆನಪು ಪೂರ್ತಿ ಅಳಿಸಬೇಕು. ಇಂತಿ ಹಪ್ಪಳದ ಹಾಲಮ್ಮ.'

ಈ ಅಕ್ಕ ತಂಗಿಯರು ಊರಿಗೇ ಗೊತ್ತು. ಕೊಟ್ರಮ್ಮನ ಹಿಟ್ಟಿನ ಗಿರಣಿ ಮೂಡಲ ತುದಿಗೆ, ಹಾಲಮ್ಮನ ಮನೆ ಪಡುವಲ ತುದಿಗೆ. ಮಾತು ಬಿಟ್ಟು ಇಪ್ಪತ್ತೆರಡು ವರ್ಷ. ಯಾಕೆ ಬಿಟ್ಟರು ಎಂಬುದು ಅವರಿಗೂ ಗೊತ್ತಿಲ್ಲ. ಜಗಳದ ಕಾರಣ ಡಿಸ್ಕಿನ ಕೆಟ್ಟುಹೋದ ಒಂದು ಜಾಗದಲ್ಲಿತ್ತು, ನಾನೇ ಎಷ್ಟೋ ಸಲ ಪ್ರಯತ್ನಿಸಿದೆ, ಓದಲು ಬರಲಿಲ್ಲ. ಕಾರಣ ಹೋಯಿತು, ಮಾತು ಬಿಟ್ಟದ್ದು ಮಾತ್ರ ಉಳಿಯಿತು. ಇಬ್ಬರೂ ಛಲದವರು.

ಒಂದೇ ಅಮಾವಾಸ್ಯೆಗೆ ಒಬ್ಬರಿಗೊಬ್ಬರು ಬೇಡವಾದರೇ ಎಂದು ಆ ಎರಡು ನೆನಪುಗಳನ್ನು ಸ್ಕ್ರೀನಿನಲ್ಲಿ ತೆಗೆದೆ. ಒಳಗೇನಿದೆ ಎಂದು ನಮಗೆ ಕಾಣುವುದಿಲ್ಲ, ಯಾರು ಯಾರನ್ನು ನೆನೆದರು ಎಂಬುದೂ ಹೊತ್ತೂ ಮಾತ್ರ ಕಾಣುತ್ತವೆ. ತಂಗಿ ಅಕ್ಕನನ್ನು ಕೊನೆಯ ಸಲ ನೆನೆದದ್ದು ಹದಿನೇಳನೇ ತಾರೀಕು, ಬೆಳಿಗ್ಗೆ ಐದೂ ನಲವತ್ತು. ಅಕ್ಕ ತಂಗಿಯನ್ನು ಕೊನೆಯ ಸಲ ನೆನೆದದ್ದು ಹದಿನೇಳನೇ ತಾರೀಕು, ಬೆಳಿಗ್ಗೆ ಐದೂ ನಲವತ್ತೆರಡು. ಅಲ್ಲಿಂದಾಚೆಗೆ ಇಲ್ಲ. ಇನ್ಯಾರದ್ದೋ ಒಂದನ್ನು ತೆಗೆದೆ, ಹದಿನೇಳು. ಇನ್ನೊಂದು, ಹದಿನೇಳು. ಇಡೀ ಊರು ಹದಿನೇಳನೇ ತಾರೀಕಿಗೆ ನಿಂತಿತ್ತು. ನಿಲ್ಲಿಸಿದವನು ನಾನು.

ರುದ್ರಮುನಿಯನ್ನು ಕೂಗಿದೆ. ಅವನು ಬಂದು, ಎರಡು ಉಸಿರು ಬಿಟ್ಟು, ನೆನಪು ಮಾಡಿಕೊಂಡು ಹೇಳಿದ. "ಕೊಟ್ರಮ್ಮ ಪ್ರತಿ ಸೋಮವಾರ ಬರ್ತಿದ್ಲು. ತಂಗಿ ಯಾವಾಗ ನೆನೆಸಿದ್ಲು ಅಂತ ಕೇಳೋಳು. ಹಾಲಮ್ಮ ಗುರುವಾರ, ಅವಳದೂ ಅದೇ ಪ್ರಶ್ನೆ. ಎಷ್ಟೋ ವರ್ಷದಿಂದ. ಯಾರು ಕೇಳಿದ್ರು ಅಂತ ಇನ್ನೊಬ್ರಿಗೆ ಹೇಳೋ ಹಂಗಿಲ್ವಲ್ಲ, ನಾನು ಬಾಯಿ ಬಿಟ್ಟಿಲ್ಲ."

"ಹದಿನೇಳರ ಮೇಲೆ?"

"ಹದಿನೇಳು, ಐದೂ ನಲವತ್ತು ಅಂದೆ. ಮುಂದಿನ ವಾರನೂ ಅದೇ ಇತ್ತು, ಅದೇ ಹೇಳಿದೆ." ಅವನ ದನಿ ಸಣ್ಣದಾಯಿತು. "ಆವತ್ತು ಕೊಟ್ರಮ್ಮ ಅಲ್ಲೇ ಕಾಗದ ಇಸ್ಕೊಂಡು ಬರೆದ್ಲು."

ಅವನು ಕೆಟ್ಟವನಲ್ಲ. ನನ್ನಷ್ಟೇ ದಡ್ಡ. ಮಾತು ಬಿಟ್ಟ ಇಬ್ಬರು ಹೆಂಗಸರು ಇಷ್ಟು ವರ್ಷ ನನ್ನ ಮೂಗಿನ ಕೆಳಗೆ ದಿನಾ ಮಾತಾಡಿಕೊಂಡಿದ್ದರು, ನಾನು ಅವರ ಬಾಯಿ ಕಟ್ಟಿದ್ದೆ.

ಮೊದಲು ಸೆಟ್ಟಿಂಗಿಗೆ ಕೈ ಹಾಕಿದೆ. ಹಿಂದಿನಂತೆಯೇ ಬರೆಯಲು ಬಿಟ್ಟರೆ ಡಾಕ್ಟರ ಎರಡು ಉಸಿರು ಕೆಡುತ್ತದೆ. ಯೋಚಿಸಿ, ಪ್ರತಿ ನೆನಪಿಗೂ ದಿನಕ್ಕೊಮ್ಮೆ ಮಾತ್ರ ಬರೆ ಎಂದೆ. ದಿನದಲ್ಲಿ ಮೊದಲ ಸಲ ನೆನೆದ ಹೊತ್ತು, ಅಷ್ಟು ಸಾಕು. ಆಮೇಲೆ ನೂರು ಸಲ ನೆನೆದರೂ ಬರೆಯುವುದು ಬೇಡ. ಪರೀಕ್ಷಿಸಿದೆ. ಎರಡು ಉಸಿರು ಹಾಗೇ ನಿಂತಿತು. ಆದರೆ ನಡುವಿನ ದಿನಗಳು ಹೋದವು. ಬರೆಯದೆ ಇದ್ದದ್ದನ್ನು ಎಲ್ಲಿಂದ ತರಲಿ?

ಮರುದಿನ ಬೆಳಿಗ್ಗೆ ಹಾಲಮ್ಮನ ಮನೆಗೆ ಹೋದೆ. ಆಕೆ ಮಾಳಿಗೆಯ ಮೇಲೆ ಹಪ್ಪಳ ಹರಡುತ್ತಿದ್ದಳು, ಕೆಳಗೆ ಇಳಿಯಲಿಲ್ಲ. ಕಚೇರಿಯಲ್ಲಿ ತಪ್ಪಾಗಿದೆ, ಹೊತ್ತುಗಳು ನಿಂತುಹೋಗಿದ್ದವು ಎಂದು ಕೆಳಗಿನಿಂದಲೇ ಕೂಗಿ ಹೇಳಿದೆ.

"ಹೊತ್ತು ನಿಂತಿದ್ದು ನಿಮ್ಮ ಮಿಶಿನ್ನಲ್ಲಿ," ಎಂದಳು ಹಾಲಮ್ಮ, ಹಪ್ಪಳದಿಂದ ಕಣ್ಣೆತ್ತದೆ. "ಗಿರಣಿ ಯಾಕೆ ನಿಂತೈತೆ? ಅದೂ ನಿಮ್ಮ ಮಿಶಿನ್ನಲ್ಲೇ ಐತಾ?"

ಆಗ ಹೊಳೆಯಿತು. ದಿನಾ ಬೆಳಿಗ್ಗೆ ಐದೂ ನಲವತ್ತಕ್ಕೆ ಕೊಟ್ರಮ್ಮನ ಗಿರಣಿ ಶುರುವಾಗುತ್ತಿತ್ತು, ಅದರ ಟುಕುಟುಕು ಊರಿನ ಈ ತುದಿಯ ತನಕ ಕೇಳುತ್ತಿತ್ತು. ಹತ್ತು ದಿನವಾಯಿತು ಆ ಸದ್ದಿಲ್ಲದೆ. ಹೊಗಳಿಕೆ ಕೇಳುವುದರಲ್ಲಿ ಮುಳುಗಿದ್ದ ನನ್ನ ಕಿವಿಗೆ ಅದು ತಿಳಿದೇ ಇರಲಿಲ್ಲ.

ಗಿರಣಿಯ ಬಾಗಿಲು ಅರ್ಧ ಮುಚ್ಚಿತ್ತು. ಕೊಟ್ರಮ್ಮ ಬೀಸುವ ಕಲ್ಲಿನ ಪಕ್ಕ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು. ಸದಾ ಹಿಟ್ಟು ಹಿಡಿದು ಬೆಳ್ಳಗಿರುತ್ತಿದ್ದ ಹುಬ್ಬು ಕಪ್ಪಗಿದ್ದವು. ಆಕೆಯ ಹುಬ್ಬು ಕಪ್ಪೆಂದು ನನಗೆ ಗೊತ್ತಾದದ್ದೇ ಅಂದು. ಆದದ್ದನ್ನೆಲ್ಲ ಹೇಳಿದೆ. "ತಪ್ಪು ನಂದು ಕೊಟ್ರಮ್ಮ. ನಿಮ್ಮ ತಂಗಿ ನೆನೆಸೋದು ನಿಲ್ಲಿಸಿಲ್ಲ, ನಾನು ಬರೆಯೋದು ನಿಲ್ಲಿಸಿದ್ದೆ."

ಆಕೆ ನನ್ನನ್ನೇ ನೋಡಿದಳು. "ನಿಲ್ಲಿಸಿಲ್ಲ ಅಂತ ನಿಂಗೆ ಹೆಂಗೆ ಗೊತ್ತು?"

ನನಗೆ ಗೊತ್ತಿರಲಿಲ್ಲ.

"ಗಿರಣಿ ಯಾಕೆ ಬಂದ್ ಮಾಡಿದ್ರಿ?" ಎಂದೆ.

"ಯಾರು ಕೇಳ್ಲಿ ಅಂತ ಬೀಸ್ಲಪ್ಪ? ಐದೂ ನಲವತ್ತಕ್ಕೆ ಯಾವ ಗಿರಾಕಿ ಬರ್ತಾರೆ? ಅವಳಿಗೆ ಕೇಳ್ಲಿ ಅಂತ ಹಚ್ತಿದ್ದೆ. ಕೇಳಿದ ತಕ್ಷಣ ನೆನೆಸೋಳು. ಸೋಮವಾರ ಬಂದು ಕೇಳಿದ್ರೆ ಐದೂ ನಲವತ್ತು, ಐದೂ ನಲವತ್ತು. ಬಾಣಂತನಕ್ಕೆ ಬರಲಿಲ್ಲ, ನಮ್ಮನೆಯವರು ತೀರ್ಕೊಂಡಾಗ ಬರಲಿಲ್ಲ. ಆದ್ರೂ ಒಂದು ದಿನ ತಪ್ಪಿಸಿಲ್ಲ ಅವಳು." ಸೆರಗಿನಿಂದ ಮೂಗು ಒರೆಸಿಕೊಂಡಳು. "ತಪ್ಪಿಸಿದ್ಲು ಅಂದ್ಮೇಲೆ ನಾನೊಬ್ಳೇ ಇಟ್ಕೊಂಡು ಏನ್ ಮಾಡ್ಲಿ ಅಂತ ಬರೆದುಕೊಟ್ಟೆ."

"ನಾಳೆ ಒಂದಿನ ಗಿರಣಿ ಹಚ್ಚಿ," ಎಂದೆ. "ನಾನು ಕಚೇರೀಲಿ ಕೂತು ನೋಡ್ತೀನಿ."

"ನಾಳೆ ಅಮಾವಾಸ್ಯೆ. ಹೊತ್ತು ಬರಲಿಲ್ಲ ಅಂದ್ರೆ?"

"ಚೀಟೀಲಿ ಇದ್ದಂಗೆ ಮಾಡ್ತೀನಿ."

"ಬರಲಿಲ್ಲ ಅಂದ್ರೆ ಬರಲಿಲ್ಲ ಅಂತ್ಲೇ ಹೇಳ್ಬೇಕು ತಿಪ್ಪೇಶಿ. ಮುದುಕಿ ಅಂತ ಕನಿಕರ ಪಟ್ಟು ಸುಳ್ಳು ಹೊತ್ತು ಹೇಳ್ಬ್ಯಾಡ. ನನ್ ಹತ್ರ ಇರೋ ನಿಜ ಅದೊಂದೇಯ."

ತಲೆ ಮೇಲೆ ತಲೆ ಬಿದ್ದರೂ ಸುಳ್ಳು ಹೇಳುವುದಿಲ್ಲ ಎಂದು ಕೈಮುಗಿದು ಬಂದೆ.

ಅಮಾವಾಸ್ಯೆಯ ದಿನ ಐದು ಗಂಟೆಗೆಲ್ಲ ಸ್ಕ್ರೀನಿನ ಮುಂದೆ ಕೂತೆ. ಹೊಸ ದಿನ, ಯಾವ ನೆನಪಿನ ಮುಂದೆಯೂ ಇಂದಿನ ಹೊತ್ತು ಇನ್ನೂ ಇರಲಿಲ್ಲ. ಐದೂ ಐದಕ್ಕೆ ಒಂದು ಸಾಲು ಬದಲಾಯಿತು. ಯಾರೋ ಯಾರನ್ನೋ ನೆನೆದರು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ನಾಲ್ಕು, ಹತ್ತು. ಬೆಳಕು ಹರಿಯುತ್ತಿದ್ದಂತೆ ಸ್ಕ್ರೀನಿನ ಮೇಲಿನಿಂದ ಕೆಳಗಿನವರೆಗೆ ಸಾಲುಗಳು ಒಂದೊಂದಾಗಿ ಎಚ್ಚರವಾಗತೊಡಗಿದವು. ನಲವತ್ತು ವರ್ಷದ ಹಿಂದೆ ಸತ್ತ ಸೂಲಗಿತ್ತಿಯನ್ನು ಹನ್ನೆರಡು ಜನ ಹಾಸಿಗೆ ಬಿಡುವ ಮೊದಲೇ ನೆನೆದರು. ಮೂರೇ ದಿನ ಬದುಕಿದ್ದ, ಹೆಸರಿಡದ ಒಂದು ಕೂಸನ್ನು ಒಬ್ಬರು ನೆನೆದರು. ಹಲ್ಲುಜ್ಜುತ್ತಾ, ಒಲೆ ಹಚ್ಚುತ್ತಾ, ನೀರು ಕಾಯಿಸುತ್ತಾ ಊರು ತನ್ನವರನ್ನೆಲ್ಲ ಒಬ್ಬೊಬ್ಬರಾಗಿ ಮುಟ್ಟಿ ನೋಡಿಕೊಳ್ಳುತ್ತಿತ್ತು. ಇದು ದಿನಾ ನಡೆಯುತ್ತಿತ್ತು, ಇದರ ಪಕ್ಕದಲ್ಲೇ ಇಪ್ಪತ್ತು ವರ್ಷ ಕೂತಿದ್ದೆ, ಇದನ್ನೇ ಬೇಡದ ಬರಹ ಎಂದು ನಿಲ್ಲಿಸಿದ್ದೆ. ನನ್ನ ಕಣ್ಣು ತುಂಬಿ ಸ್ಕ್ರೀನು ಮಂಜಾಯಿತು. ನನ್ನನ್ನು ಯಾರಾದರೂ ನೆನೆದರೋ ಎಂದು ನೋಡುವ ಆಸೆಯಾಯಿತು, ಧೈರ್ಯ ಸಾಲಲಿಲ್ಲ.

ಐದೂ ನಲವತ್ತಕ್ಕೆ ಸರಿಯಾಗಿ ಮೂಡಲ ತುದಿಯಿಂದ ಟುಕುಟುಕು ಕೇಳಿತು. ನಾನು ಹಾಲಮ್ಮನ ಸಾಲೊಂದನ್ನೇ ನೋಡುತ್ತಾ ಕೂತೆ. ಎರಡು ಉಸಿರು. ಬದಲಾಗಲಿಲ್ಲ. ನಲವತ್ತೊಂದು. ನಲವತ್ತೆರಡು. ಗಿರಣಿ ಬಡಿದುಕೊಳ್ಳುತ್ತಲೇ ಇತ್ತು. ಕೊಟ್ಟ ಮಾತು ನೆನಪಾಯಿತು. ನಲವತ್ತಮೂರಕ್ಕೆ ಆ ಸಾಲು ಬದಲಾಯಿತು.

ಕಚೇರಿ ತೆರೆಯುವ ಹೊತ್ತಿಗೆ ರುದ್ರಮುನಿಯನ್ನು ಕುರ್ಚಿಯಿಂದ ಎಬ್ಬಿಸಿ ಕಿಟಕಿಯಲ್ಲಿ ನಾನೇ ಕೂತೆ. ಕೊಟ್ರಮ್ಮ ಮೊದಲಿಗಳಾಗಿ ಬಂದಳು, ಹುಬ್ಬು ಮತ್ತೆ ಬೆಳ್ಳಗಾಗಿದ್ದವು. ಕಿಟಕಿಯ ಕಟ್ಟೆ ಹಿಡಿದು ನಿಂತಳು.

"ಇವತ್ತು," ಎಂದೆ. "ಐದೂ ನಲವತ್ತಮೂರು."

"ಮೂರು ನಿಮಿಷ ತಡ," ಎಂದಳು ಕೊಟ್ರಮ್ಮ. "ಕಿವಿ ಮಂದ ಆಗೈತೆ ಅವಳಿಗೆ."

"ಕಿವಿ ನೆಟ್ಟಗೈತೆ ಅಂತ ಹೇಳಪ್ಪ ಆ ಯಮ್ಮಂಗೆ," ಎಂದು ಹಿಂದಿನಿಂದ ಒಂದು ದನಿ ಬಂತು. "ನಿಜವಾಗ್ಲೂ ಗಿರಣೀನೋ ಅಂತ ಮಾಳಿಗೆ ಹತ್ತಿ ನೋಡೋಕೆ ಮೂರು ನಿಮಿಷ ಆಯ್ತು."

ಕೊಟ್ರಮ್ಮನ ಬೆನ್ನ ಹಿಂದೆ ಹಾಲಮ್ಮ ನಿಂತಿದ್ದಳು. ಗುರುವಾರವಾಗಿರಲಿಲ್ಲ, ಗಿರಣಿಯ ಸದ್ದು ಕೇಳಿ ಕಾಲಿಗೆ ಚಪ್ಪಲಿ ಕೂಡ ಹಾಕದೆ ಬಂದಿದ್ದಳು. ಕೊಟ್ರಮ್ಮ ತಿರುಗಿ ನೋಡಲಿಲ್ಲ. ನನಗೇ ಹೇಳಿದಳು. "ಇಲ್ಲಿಗೆ ಯಾಕೆ ಬಂದಳಂತೆ ಕೇಳು."

"ಇಪ್ಪತ್ತೆರಡು ವರ್ಷದಿಂದ ಬರ್ತಿದೀನಿ ಅಂತ ಹೇಳು," ಎಂದಳು ಹಾಲಮ್ಮ. "ಹತ್ತು ದಿನ ಗಿರಣಿ ಯಾಕೆ ನಿಂತಿತ್ತು ಅಂತ ಕೇಳು. ಸತ್ತೇ ಹೋಗಿದ್ಲಾ ಅಂತ ಕೇಳು."

"ಬೆಲ್ಟ್ ಹರಿದಿತ್ತು ಅಂತ ಹೇಳು."

"ಸುಳ್ಳಿ ಅಂತ ಹೇಳು."

ನಾನು ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಎರಡು ಚೀಟಿಗಳನ್ನೂ ಕಟ್ಟೆಯ ಮೇಲಿಟ್ಟೆ. ಕೊಟ್ರಮ್ಮ ತನ್ನದನ್ನು ಎತ್ತಿಕೊಂಡು, ಪಕ್ಕದಲ್ಲಿದ್ದ ಇನ್ನೊಂದನ್ನು ಓದಿದಳು. ಓದಿ, ಆಗ ತಿರುಗಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ಎಷ್ಟೋ ಹೊತ್ತು ನೋಡಿದರು. ಹಾಲಮ್ಮ ಕೈ ಚಾಚಿ ಅಕ್ಕನ ಹುಬ್ಬಿನ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿದಳು.

"ಎಷ್ಟು ಬೆಳ್ಳಗಾಗೀಯ ಅಂದ್ಕೊಂಡೆ ಅಕ್ಕಾ. ಹಿಟ್ಟಾ ಇದು," ಎಂದಳು.

ಚೀಟಿಗಳು ಹರಿದವು. ಹೊರಗೆ ಪೇಟೆಯ ದಿನ, ಜನ ಕಿಕ್ಕಿರಿದಿದ್ದರು. ಮೆಟ್ಟಿಲು ಇಳಿಯುವಾಗ ಕೊಟ್ರಮ್ಮ ತಂಗಿಯ ಮುಂಗೈ ಹಿಡಿದುಕೊಂಡಳು, ನಮ್ಮೂರಿನವರು ಎಂದಿನಿಂದಲೂ ಹಿಡಿಯುವಂತೆ, ಗುಂಪಿನಲ್ಲಿ ಮರೆಯಾಗಬಾರದೆಂದು. ಇಬ್ಬರೂ ಮೂಡಲ ಕಡೆಗೆ ಹೋದರು.

ಮರುದಿನ ಬೆಳಿಗ್ಗೆಯೂ ಬೇಗ ಬಂದು ಕೂತೆ. ಅದೊಂದು ಚಟವಾಗಿಬಿಟ್ಟಿದೆ ಈಗ. ಐದೂ ನಲವತ್ತಕ್ಕೆ ಗಿರಣಿ ಶುರುವಾಯಿತು. ಸ್ಕ್ರೀನಿನ ತುಂಬ ಸಾಲುಗಳು ಬದಲಾಗುತ್ತಿದ್ದವು, ಆ ಒಂದು ಸಾಲು ಮಾತ್ರ ಬದಲಾಗಲಿಲ್ಲ. ನಲವತ್ತಮೂರಾಯಿತು, ಆರು ಗಂಟೆಯಾಯಿತು. ಕೀಲಿಮಣೆಯ ಮೇಲೆ ಕೈಯಿಟ್ಟೆ, ಮತ್ತೇನು ಕೆಡಿಸಿದೆನೋ ಎಂದು. ಆಮೇಲೆ ಗೊತ್ತಾಯಿತು. ಹಾಲಮ್ಮ ರಾತ್ರಿ ತನ್ನ ಮನೆಗೆ ಹೋಗಿರಲಿಲ್ಲ. ಎದ್ದು ಕಣ್ಣು ಬಿಟ್ಟರೆ ಅಕ್ಕ ಎದುರಿಗೇ ಇದ್ದಳು, ನೆನೆಯುವ ಕೆಲಸವೇ ಇರಲಿಲ್ಲ. ಆ ಸಾಲು ಹಾಗೇ ನಿಂತಿತ್ತು. ನಾನು ಕೈ ತೆಗೆದೆ, ಅದನ್ನು ಸರಿಪಡಿಸಲು ಹೋಗಲಿಲ್ಲ.